ನಾಲ್ಕನೇ ನಡೆಗೆ ಬಿ4: ನಾನು ಇವಾನ್ಸ್ ಗ್ಯಾಂಬಿಟ್ ಆಡುವುದು ಯಾಕೆ

ನಮಸ್ಕಾರ ಎಲ್ಲರಿಗೂ. ಕ್ಯಾಮೆರಾವನ್ನು ಬೋರ್ಡ್ ಹತ್ತಿರ ತರುತ್ತೇನೆ, ನೋಡಿ. ಎರಡೂ ಕಡೆ ರಾಜನ ಮುಂದಿನ ಪ್ಯಾದೆ ಎರಡು ಮನೆ ಮುಂದೆ ಬಂದಿದೆ. ಒಂದೊಂದು ಕುದುರೆ ಹೊರಗೆ ಬಂದಿದೆ. ನನ್ನ ಒಂಟೆ ಸಿ4ರಲ್ಲಿ, ಎದುರಾಳಿಯ ಒಂಟೆ ಸಿ5ರಲ್ಲಿ. ಮನೆಗಳ ಹೆಸರು ಹೀಗೆ: ನಿಂತ ಸಾಲುಗಳಿಗೆ ಎಯಿಂದ ಎಚ್, ಅಡ್ಡ ಸಾಲುಗಳಿಗೆ ಬಿಳಿಯ ಕಡೆಯಿಂದ 1ರಿಂದ 8. ಚೆಸ್ ಕಲಿಯುವ ಮಕ್ಕಳು ಶುರುವಿನಲ್ಲೇ ಆಡುವ ಇಟಾಲಿಯನ್ ಓಪನಿಂಗ್, ಅಂದರೆ ಆಟ ಶುರು ಮಾಡುವ ಒಂದು ಕ್ರಮ, ಇದು. ಇಲ್ಲಿ ಬಿಳಿ ಕಾಯಿಯವರು ಸಾಮಾನ್ಯವಾಗಿ ಸಿ3 ಅಥವಾ ಡಿ3 ಆಡಿ ನಿಧಾನಕ್ಕೆ ಮುಂದುವರಿಯುತ್ತಾರೆ. ನಾನು ಬಿ4 ತಳ್ಳುತ್ತೇನೆ. ಒಂಟೆಯ ಬಾಯಿಗೇ ಒಂದು ಪ್ಯಾದೆ. ಇದೇ ಇವಾನ್ಸ್ ಗ್ಯಾಂಬಿಟ್. ಗ್ಯಾಂಬಿಟ್ ಅಂದರೆ ಶುರುವಿನಲ್ಲೇ ಬೇಕಂತಲೇ ಕಾಯಿ ಕೊಟ್ಟು ಆಟದಲ್ಲಿ ಮುಂದೆ ಹೋಗುವುದು.

ಪ್ಯಾದೆ ಕೊಟ್ಟರೆ ಏನು ಸಿಗುತ್ತೆ ಅಂತ ತುಂಬಾ ಜನ ಕೇಳುತ್ತಾರೆ. ಒಂಟೆ ಬಿ4ಕ್ಕೆ ಬಂದು ಪ್ಯಾದೆ ಹೊಡೆಯಿತು ಅಂದುಕೊಳ್ಳಿ. ತಕ್ಷಣ ಸಿ3. ಒಂಟೆ ಜಾಗ ಬಿಡಲೇಬೇಕು. ಅದು ಜಾಗ ಬಿಡುವಷ್ಟರಲ್ಲಿ ನಾನು ಡಿ4 ಆಡುತ್ತೇನೆ, ಬೋರ್ಡಿನ ನಡುಭಾಗ ನನ್ನ ಕೈಗೆ ಬರುತ್ತದೆ. ಸಿ3 ನನಗೆ ಹೇಗೂ ಬೇಕಾಗಿದ್ದ ನಡೆ, ಅದನ್ನು ಒಂಟೆಯನ್ನು ಓಡಿಸುತ್ತಾ ಆಡಿದ ಹಾಗಾಯಿತು.

ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾಗುವ ಇನ್ನೊಂದು ವಿಷಯ ಇದೆ. ಬಿ2 ಮನೆ ಈಗ ಖಾಲಿ. ಸಿ1ರಲ್ಲಿ ಸುಮ್ನೆ ಕೂತಿದ್ದ ಒಂಟೆಗೆ ಎ3ಕ್ಕೆ ದಾರಿ ತೆರೆಯಿತು. ಎ3ರಿಂದ ಅಡ್ಡ ಕರ್ಣ ಖಾಲಿ ಇದ್ದರೆ ಅದರ ಕಣ್ಣು ನೇರವಾಗಿ ಎಫ್8ರ ಮೇಲೆ. ಆ ಮನೆ ಏಟಿನಲ್ಲಿದ್ದರೆ ಕಪ್ಪು ರಾಜ ಆ ಕಡೆ ಕ್ಯಾಸ್ಲಿಂಗ್ ಮಾಡುವಂತಿಲ್ಲ, ಅಂದರೆ ಆನೆಯ ಜೊತೆ ಒಂದೇ ನಡೆಯಲ್ಲಿ ಪಕ್ಕಕ್ಕೆ ಸರಿದು ಭದ್ರವಾಗುವಂತಿಲ್ಲ. ಇನ್ನು ರಾಣಿ ಬಿ3ಕ್ಕೆ ಬಂದರೆ ಅದೂ ಸಿ4ರ ಒಂಟೆಯೂ ಸೇರಿ ಎಫ್7ರ ಮೇಲೆ ಬೀಳುತ್ತವೆ. ನಾನು ಕೊಟ್ಟಿದ್ದು ಮೂಲೆಯ ಕಡೆಯ ಒಂದು ಪ್ಯಾದೆ. ಬದಲಿಗೆ ಎರಡು ಒಂಟೆ, ರಾಣಿ, ಎಲ್ಲಕ್ಕೂ ದಾರಿ ಆಯಿತು.

ಇದನ್ನು ಕಂಡುಹಿಡಿದವರು ವೇಲ್ಸ್‌ನ ಹಡಗಿನ ಕ್ಯಾಪ್ಟನ್ ವಿಲಿಯಂ ಡೇವಿಸ್ ಇವಾನ್ಸ್, 1820ರ ದಶಕದಲ್ಲಿ. 1834ರಲ್ಲಿ ಲಂಡನ್ನಿನಲ್ಲಿ ಆ ಕಾಲದ ದೊಡ್ಡ ಆಟಗಾರರಾದ ಲಾ ಬೂರ್ಡೊನೆ ಮತ್ತು ಮ್ಯಾಕ್‌ಡಾನೆಲ್ ನಡುವೆ ನಡೆದ ಪಂದ್ಯಗಳಲ್ಲಿ ಇದು ಹೆಸರು ಮಾಡಿತು. 1852ರಲ್ಲಿ ಬರ್ಲಿನ್‌ನಲ್ಲಿ ಜರ್ಮನ್ ಆಟಗಾರ ಆಂಡರ್ಸನ್ ಆಡಿದ ಹೆಸರುವಾಸಿ 'ಎವರ್‌ಗ್ರೀನ್' ಆಟ ಕೂಡ ಇವಾನ್ಸ್ ಗ್ಯಾಂಬಿಟ್ಟೇ.

ಆದರೆ ಈ ಓಪನಿಂಗ್ ಏನು ಅಂತ ಯಾರಾದರೂ ಕೇಳಿದರೆ ನಾನು ತೋರಿಸುವುದು ಬೇರೆ ಆಟ. 1963, ನ್ಯೂಯಾರ್ಕ್, ಬಾಬಿ ಫಿಷರ್ ಎದುರು ರೂಬೆನ್ ಫೈನ್. ಕಾಯಿಗಳನ್ನು ಜೋಡಿಸುತ್ತೇನೆ, ಜೊತೆಗೇ ನೋಡುತ್ತಾ ಬನ್ನಿ.

ಫೈನ್ ಸಿಕ್ಕಿದ್ದೆಲ್ಲ ಹೊಡೆಯುತ್ತಾ ಹೋದರು. ಬಿ4, ಡಿ4, ಸಿ3, ಏಳನೇ ನಡೆ ಮುಗಿಯುವಾಗ ಮೂರು ಪ್ಯಾದೆ ಲಾಭ. ಫಿಷರ್ ಅಷ್ಟರಲ್ಲಿ ಕ್ಯಾಸ್ಲಿಂಗ್ ಮಾಡಿದ್ದರು. ರಾಣಿ ಬಿ3ಕ್ಕೆ ಬಂತು. ಫೈನ್ ತಮ್ಮ ರಾಣಿಯನ್ನು ಇ7ಕ್ಕೆ ತಂದು ಎಫ್7 ಕಾಯ್ದರು. ಈಗ ನೋಡಿ, ಅವರ ರಾಜ, ರಾಣಿ ಎರಡೂ ಇ ಸಾಲಿನಲ್ಲಿ ನಿಂತಿವೆ. ಫಿಷರ್ ಕುದುರೆಯಿಂದ ಸಿ3 ಹೊಡೆದರು. ಹತ್ತನೇ ನಡೆಯಲ್ಲಿ ಅದೇ ಕುದುರೆ ಡಿ5ಕ್ಕೆ. ಕುದುರೆಗೆ ಕುದುರೆ ಹೋಯಿತು. ಇ4ರ ಪ್ಯಾದೆ ಡಿ5ಕ್ಕೆ ಸರಿದಾಗ ಇ ಸಾಲು ಪೂರ್ತಿ ತೆರೆದುಕೊಂಡಿತು. ಇ5ರಲ್ಲಿ ಇನ್ನೊಂದು ಜೋಡಿ ಕುದುರೆ ಹೋಗಿ ಕಪ್ಪು ರಾಣಿ ಅಲ್ಲಿಗೆ ಬಂತು. ಆಮೇಲೆ ಒಂಟೆ ಬಿ2ಕ್ಕೆ. ರಾಣಿಗೂ ಏಟು, ಅದರ ಹಿಂದಿರುವ ಜಿ7ಕ್ಕೂ ಏಟು. ಕಪ್ಪು ರಾಣಿ ಜಿ5ಕ್ಕೆ ಹೋಗಿ ಜಿ7 ಕಾಯುತ್ತಾ ನಿಂತಿತು.

ಈಗ ಎಚ್4. ಇನ್ನೂ ಒಂದು ಪ್ಯಾದೆ! ಈ ನಡೆ ಬಂದಾಗ ನಾನು ಪ್ರತಿ ಸಲ ಒಂದು ಕ್ಷಣ ನಿಲ್ಲುತ್ತೇನೆ. ರಾಣಿ ಎಚ್4 ಹೊಡೆದರೆ ಜಿ7ಕ್ಕೆ ಕಾವಲಿಲ್ಲ. ಒಂಟೆ ಜಿ7ಕ್ಕೆ ನುಗ್ಗಿತು. ಆನೆ ಇ1ಕ್ಕೆ ಬಂದು ಚೆಕ್ ಕೊಟ್ಟಿತು. ರಾಜ ಡಿ8ಕ್ಕೆ. ಹದಿನೇಳನೇ ನಡೆ, ರಾಣಿ ಜಿ3ಕ್ಕೆ, ಎದುರಾಳಿಯ ರಾಣಿಯ ಪಕ್ಕಕ್ಕೇ. ಹೊಡೆದರೆ ಒಂಟೆ ಎಫ್6ಕ್ಕೆ ಬಂದು ಚೆಕ್‌ಮೇಟ್. ಫೈನ್ ಅಲ್ಲಿಗೆ ಸೋಲೊಪ್ಪಿಕೊಂಡರು. ಅವರೇನು ಸಾಮಾನ್ಯ ಆಟಗಾರರಲ್ಲ, ಒಂದು ಕಾಲದಲ್ಲಿ ಜಗತ್ತಿನ ಅತಿ ಬಲಿಷ್ಠ ಆಟಗಾರರ ಸಾಲಿನಲ್ಲಿದ್ದ ಗ್ರ್ಯಾಂಡ್‌ಮಾಸ್ಟರ್.

ಇದನ್ನು ನೋಡಿ, ಎದುರಾಳಿ ಬಲೆಗೆ ಬಿದ್ದರೆ ಗೆದ್ದೆವು ಅಂತ ಯಾರೂ ಇವಾನ್ಸ್ ಆಡಬೇಡಿ. ಫಿಷರ್ ಬಲೆ ಹಾಕಿ ಕಾದು ಕೂರಲಿಲ್ಲ. ಕೊಟ್ಟ ಪ್ಯಾದೆಗೆ ಸಿಕ್ಕ ಸಮಯವನ್ನು ಒಂದೊಂದು ನಡೆಯಲ್ಲೂ ಬಳಸಿದರು. ಡಿ4 ಆದ ಮೇಲೆ ಒಂದು ನಡೆ ಸೋಮಾರಿಯಾಗಿ ಆಡಿ ನೋಡಿ, ಕಪ್ಪು ಕಾಯಿಯವರು ಕ್ಯಾಸ್ಲಿಂಗ್ ಮುಗಿಸಿ ಒಂದು ಪ್ಯಾದೆ ಲಾಭದಲ್ಲಿ ಕೂತಿರುತ್ತಾರೆ.

ಇದಕ್ಕೆ ಉತ್ತರ ಇಲ್ಲ ಅಂತಲ್ಲ. 1889ರಲ್ಲಿ ಹವಾನಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ರಷ್ಯಾದ ಚಿಗೋರಿನ್ ಬಿಳಿ ಕಾಯಿ ಸಿಕ್ಕಾಗ ಬಹುತೇಕ ಇದನ್ನೇ ಆಡಿದರು. ಆಗಿನ ಚಾಂಪಿಯನ್ ಸ್ಟೈನಿಟ್ಜ್ ಹಟ ಬಿಡದೆ ಪ್ಯಾದೆ ಹೊಡೆದು ಕಾದಾಡಿದರು, ಪಂದ್ಯವನ್ನೂ ಗೆದ್ದರು. ಆಮೇಲೆ ಬಂದ ವಿಶ್ವ ಚಾಂಪಿಯನ್ ಲಾಸ್ಕರ್ ಅವರ ದಾರಿ ಇನ್ನೂ ತಣ್ಣನೆಯದು. ಒಂಟೆ ಎ5ಕ್ಕೆ, ಪ್ಯಾದೆ ಡಿ6ಕ್ಕೆ, ಬಿಳಿ ಕ್ಯಾಸ್ಲಿಂಗ್ ಮಾಡಿದ ತಕ್ಷಣ ಒಂಟೆ ಬಿ6ಕ್ಕೆ ವಾಪಸ್. ನಿನ್ನ ಪ್ಯಾದೆ ನೀನೇ ಇಟ್ಟುಕೋ ಅನ್ನುತ್ತಾರೆ. ರಾಣಿಗಳು ಬೋರ್ಡಿನಿಂದ ಆಚೆ ಹೋಗುತ್ತವೆ, ದಾಳಿಯ ಬಿಸಿ ಆರುತ್ತದೆ. ದೊಡ್ಡ ಪಂದ್ಯಗಳಲ್ಲಿ ಇವಾನ್ಸ್ ಅಪರೂಪವಾಗಿದ್ದು ಹೀಗೆ.

ಮತ್ತೆ ಎಲ್ಲರೂ ತಿರುಗಿ ನೋಡಿದ್ದು 1995ರಲ್ಲಿ. ರೀಗಾದಲ್ಲಿ ಕಾಸ್ಪರೋವ್ ಎದುರು ನಮ್ಮ ಆನಂದ್. ಆನಂದ್ ಪ್ಯಾದೆ ಹೊಡೆದು ಒಂಟೆಯನ್ನು ಇ7ಕ್ಕೆ ತಂದರು, ಒಳ್ಳೆಯ ನಡೆಯೇ. ಕುದುರೆ ಎ5ಕ್ಕೆ ಬಂದು ಸಿ4ರ ಒಂಟೆಗೆ ಏಟು ಕೊಟ್ಟಿತು. ಕಾಸ್ಪರೋವ್ ಒಂಟೆಯನ್ನು ಸುಮ್ನೆ ಇ2ಕ್ಕೆ ಹಿಂದೆ ತಂದರು. ದಾಳಿ ಮಾಡುವ ಓಪನಿಂಗ್‌ನಲ್ಲಿ ಇಷ್ಟು ಸಮಾಧಾನದ ನಡೆ! ಆಮೇಲೆ ರಾಣಿ ಡಿ4, ಎಚ್4, ಜಿ3 ಅಂತ ಸುತ್ತು ಹೊಡೆಯಿತು. ಆನಂದ್‌ಗೆ ಕ್ಯಾಸ್ಲಿಂಗ್ ಮಾಡಲು ಆಗಲೇ ಇಲ್ಲ. 25 ನಡೆಗಳಲ್ಲಿ ಆಟ ಮುಗಿಯಿತು. ಆನಂದ್ ಅಭಿಮಾನಿಯಾಗಿ ಈ ಆಟ ನೋಡುವುದು ಈಗಲೂ ಕಷ್ಟ. ಆದರೆ ಅಂಥ ಆಟಗಾರನ ಎದುರು ಗೆದ್ದ ಓಪನಿಂಗನ್ನು ಹಳೇದು ಅಂತ ತಳ್ಳಿಹಾಕಲು ಆಗಲ್ಲ, ಅಲ್ವಾ?

ಈಗ ನೀವು ನೋಡುತ್ತಿರುವುದು ಮೈಸೂರಿನಲ್ಲಿ ನಾನು ಆಡಿದ ಒಂದು ರ‍್ಯಾಪಿಡ್ ಟೂರ್ನಿ. ಎದುರಿಗೆ ಹೈಸ್ಕೂಲ್ ಹುಡುಗ. ಬಿ4 ನೋಡಿದರೂ ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ. ಹೊಡೆದ, ಒಂಟೆ ಎ5ಕ್ಕೆ, ಪ್ಯಾದೆ ಡಿ6ಕ್ಕೆ, ಎಲ್ಲ ಪಟಪಟ ಅಂತ. ಲಾಸ್ಕರ್ ದಾರಿ ಓದಿಕೊಂಡೇ ಬಂದಿದ್ದಾನೆ. ಅದಕ್ಕೇ ನಾನು ಇಲ್ಲಿ ಕ್ಯಾಸ್ಲಿಂಗ್ ಮಾಡುವುದಿಲ್ಲ, ಮೊದಲು ರಾಣಿ ಬಿ3ಕ್ಕೆ. ಅವನು ರಾಣಿಯನ್ನು ಡಿ7ಕ್ಕೆ ತಂದ. ಮುಂದಿನ ಎರಡು ನಡೆಗಳಲ್ಲಿ ಎ5ರಿಂದ ಅವನ ಒಂಟೆಯೂ ಡಿ6ರಿಂದ ಪ್ಯಾದೆಯೂ ಸರಿದವು. ಹತ್ತನೇ ನಡೆಯಲ್ಲಿ ನನ್ನ ಒಂಟೆ ಎ3ಕ್ಕೆ. ಅವನ ಕುದುರೆ ಎ5ಕ್ಕೆ ಹಾರಿ ನನ್ನ ರಾಣಿಗೂ ಒಂಟೆಗೂ ಒಟ್ಟಿಗೆ ಏಟು ಕೊಟ್ಟಿತು. ನಾನು ರಾಣಿಯನ್ನು ಬಿ4ಕ್ಕೆ ಇಟ್ಟೆ. ಈಗ ಎಫ್8ರಲ್ಲಿ ಮೇಟ್ ಬೆದರಿಕೆ. ಇಲ್ಲಿ ಹುಡುಗ ಮೊದಲ ಸಲ ಕೈ ಹಿಂದಕ್ಕೆ ತೆಗೆದುಕೊಂಡು ಯೋಚಿಸಿದ. ಸಿ5 ತಳ್ಳಿ ದಾರಿ ಮುಚ್ಚಿದ, ಅದೇ ಸರಿಯಾದ ನಡೆ. ಪ್ಯಾದೆ ಲಾಭ ಅವನದು, ಆದರೆ ಅವನ ರಾಜ ಕೊನೆಯವರೆಗೂ ನಡುವಿನಲ್ಲೇ ಇತ್ತು. ಡ್ರಾ ಆಯಿತು. ಇಬ್ಬರೂ ಒಂದು ನಡೆಯನ್ನೂ ಸಲೀಸಾಗಿ ಆಡಲಿಲ್ಲ, ನನಗೆ ಇಂಥ ಆಟವೇ ಬೇಕು.

ಮುಂದಿನ ಸುತ್ತಿನ ಎದುರಾಳಿ ಪ್ಯಾದೆಯನ್ನು ಮುಟ್ಟಲೇ ಇಲ್ಲ. ಒಂಟೆಯನ್ನು ಬಿ6ಕ್ಕೆ ಎಳೆದುಕೊಂಡರು. ಹಾಗೆ ಮಾಡಿದರೆ ಎ4 ಆಡಿ. ಮುಂದೆ ಎ5 ಬಂದರೆ ಅವರ ಒಂಟೆಗೆ ತೊಂದರೆ, ಹಾಗಾಗಿ ಅವರು ಎ6 ಆಡಿ ಹಿಂದೆ ಜಾಗ ಮಾಡಿಕೊಳ್ಳುತ್ತಾರೆ. ಪ್ಯಾದೆ ಯಾರದೂ ಹೋಗಿಲ್ಲ, ರಾಣಿ ಕಡೆ ಜಾಗ ನಿಮಗೆ ಜಾಸ್ತಿ. ಆ ಆಟವನ್ನು ಪೂರ್ತಿ ಹಾಕುತ್ತಿದ್ದೇನೆ, ನೋಡಿ.