ಡಬ್ಬದಲ್ಲಿ ಬಂದ ಮರ ಕೊಯ್ಯೋ ಮೆಷಿನ್

ನಮಸ್ಕಾರ. ಮೊದಲು ಇದನ್ನ ನೋಡಿ, ಕ್ಯಾಮೆರಾಗೆ ಹತ್ತಿರ ತರ್ತೀನಿ. ಬಾಗಿಸಿದ ತಂತಿ ತುಂಡು, ಕಾಲುಂಗುರದ ಥರ ಒಂದು ಕಡೆ ಬಾಯಿ ಬಿಟ್ಟಿದೆ. ಇದು ಪಿಸ್ಟನ್ ಪಿನ್ ಲಾಕ್. ಪಿಸ್ಟನ್ ಒಳಗಿರೋ ಪಿನ್ನು ಆ ಕಡೆ ಈ ಕಡೆ ಜಾರದ ಹಾಗೆ ಹಿಡಿದುಕೊಳ್ಳೋದು ಇದರ ಕೆಲಸ. ಡಬ್ಬದಲ್ಲಿ ಬಂದ ಅಗ್ಗದ ಕಿಟ್ಟಿಂದ ನಾನು ಕಟ್ಟಿದ ಚೈನ್ ಸಾ ಇದರಿಂದಲೇ ಹಾಳಾಯ್ತು.

ವಿಡಿಯೋ ಪೂರ್ತಿ ನೋಡೋಕೆ ಟೈಮ್ ಇಲ್ಲದವರಿಗೆ ನನ್ನ ಮಾತು ಈಗಲೇ ಹೇಳಿಬಿಡ್ತೀನಿ. ಎಂಜಿನ್ ಕೆಲಸ ಕಲಿಯೋ ಆಸೆ ಇದ್ದರೆ ಈ ಕಿಟ್ ತಗೊಳ್ಳಿ, ಧೈರ್ಯವಾಗಿ ಕಟ್ಟಿ. ಆದರೆ ಕಟ್ಟಿದ ಮೆಷಿನ್ನನ್ನ ಕೂಲಿಗೆ ಮರ ಹತ್ತೋ ಮನುಷ್ಯನ ಕೈಗೆ ಕೊಡಬೇಡಿ. ಯಾಕೆ ಅನ್ನೋದಕ್ಕೇ ಈ ವಿಡಿಯೋ.

ನನ್ನ ಕಿಟ್ ಸ್ವೀಡನ್ನಿನ ಹಸ್ಕ್ವರ್ನಾ ಕಂಪನಿಯ 372 ಎಕ್ಸ್‌ಪಿ ಮಾದರಿ ನೋಡಿಕೊಂಡು ಬೇರೆಯವರು ಮಾಡಿದ್ದು. ಬೋರ್, ಅಂದರೆ ಸಿಲಿಂಡರ್ ಒಳಗಿನ ಅಗಲ, 50 ಎಂಎಂ. ಎಂಜಿನ್ 70.7 ಸಿಸಿ. ಡಬ್ಬ ತೆಗೆದರೆ ಪಿಸ್ಟನ್ನಿಂದ ತಿರುಗೋ ಕ್ರ್ಯಾಂಕ್, ಅದು ಕೂರೋ ಎಂಜಿನ್ ಕೇಸ್, ಸಿಲಿಂಡರ್, ಕಾರ್ಬೊರೇಟರ್, ಕಿಡಿ ಹೊತ್ತಿಸೋ ಕಾಯಿಲ್, ಸ್ಕ್ರೂ ತುಂಬಿದ ಕವರುಗಳು. ಯಾವ ಸ್ಕ್ರೂ ಎಲ್ಲಿಗೆ ಅಂತ ಹೇಳೋ ಒಂದು ಚೀಟಿಯೂ ಇಲ್ಲ. ಬಾರು, ಅಂದರೆ ಚೈನ್ ಸುತ್ತ ಓಡೋ ಮುಂದಿನ ಉದ್ದನೆಯ ಹಲಗೆ, ಮತ್ತೆ ಚೈನು ಬೇರೆ ತಗೋಬೇಕು.

ಬೆಂಗಳೂರಲ್ಲಿ ಇದ್ದು ಇದನ್ನ ಕಟ್ಟೋದು ನಿಜವಾಗ್ಲೂ ಪುಣ್ಯ. ಟೂ ಸ್ಟ್ರೋಕ್ ಎಂಜಿನ್ನಿನ ನಾಡಿ ಗೊತ್ತಿರೋ ಕೈಗಳು ಈ ಊರಲ್ಲಿ ಇನ್ನೂ ಇವೆ. ಜಾವಾ, ಯೆಜ್ಡಿ ತಯಾರಾಗ್ತಿದ್ದದ್ದು ಪಕ್ಕದ ಮೈಸೂರಲ್ಲಿ. ಯಮಹಾ ಆರ್‌ಎಕ್ಸ್ 100 ಬೈಕ್ ಅಂದರೆ ಇಲ್ಲಿ ಇವತ್ತಿಗೂ ಜನ ತಿರುಗಿ ನೋಡ್ತಾರೆ. ಕ್ರ್ಯಾಂಕ್ ಸುತ್ತ ಗಾಳಿ ಸೋರದ ಹಾಗೆ ಕೂರೋ ರಬ್ಬರ್ ಸೀಲಿನ ಅಳತೆ ಹೇಳಿದರೆ ಜೆ.ಸಿ. ರೋಡಲ್ಲಿ ಹುಡುಕಿಕೊಡೋರಿದ್ದಾರೆ. ನಮ್ಮ ಏರಿಯಾದಲ್ಲಿ ಆರ್‌ಎಕ್ಸ್ ಕೆಲಸ ಮಾಡೋ ಒಬ್ಬರು ಹಿರಿಯ ಮೆಕ್ಯಾನಿಕ್ ಇದ್ದಾರೆ, ನಾನು ಅಣ್ಣ ಅಂತೀನಿ. ಕಿಟ್ಟಿನ ಕೇಸ್ ತಗೊಂಡು ಹೋದೆ. ಅವರು ಏನೂ ಮಾತಾಡಲಿಲ್ಲ. ಕಿರುಬೆರಳನ್ನ ಒಳಗೆ ಹಾಕಿ, ಮೂಲೆಯಲ್ಲಿ ಒಂದು ಸುತ್ತು ಸವರಿ, ಬೆರಳನ್ನ ನನ್ನ ಮುಂದೆ ಹಿಡಿದರು. ಬೂದು ಬಣ್ಣದ ಪುಡಿ, ಮಧ್ಯೆ ಎರಡು ಮೂರು ಕಾಳು ಮಿಣುಗ್ತಿತ್ತು. "ಅಚ್ಚಿನ ಮರಳು, ಮೆಷಿನಿಂಗ್ ಚೂರು. ತೊಳಿ ಮೊದಲು" ಅಂದರು. ಸೀಮೆಎಣ್ಣೆಯಲ್ಲಿ ಮೂರು ಸಲ ತೊಳೆದೆ. ಮೂರನೇ ಸಲಾನೂ ಪಾತ್ರೆ ತಳದಲ್ಲಿ ಕಸ ನಿಂತಿತ್ತು.

ಮುಂದಿನ ಕೆಲಸ ನನಗೆ ತುಂಬಾ ಇಷ್ಟವಾದದ್ದು. ಕ್ರ್ಯಾಂಕನ್ನ ಕವರಲ್ಲಿ ಸುತ್ತಿ ರಾತ್ರಿಯೆಲ್ಲ ಫ್ರೀಜರಲ್ಲಿ ಇಟ್ಟೆ. ಬೆಳಗ್ಗೆ ಕೇಸನ್ನ ಹೀಟ್ ಗನ್ನಲ್ಲಿ ಕಾಯಿಸಿದೆ. ಕಬ್ಬಿಣ ಕುಗ್ಗಿದೆ, ಕೇಸ್ ಹಿಗ್ಗಿದೆ, ಬೇರಿಂಗು ಸುತ್ತಿಗೆ ಏಟಿಲ್ಲದೆ ತಾನಾಗೇ ಕೂತುಕೊಳ್ತು. ಪಿಸ್ಟನ್ ಮೇಲಿನ ಬಾಣದ ಗುರುತು ಸೈಲೆನ್ಸರ್ ಕಡೆಗೆ ಇರಬೇಕು. ಕಾಯಿಲಿಗೂ ಮ್ಯಾಗ್ನೆಟ್ಟಿಗೂ ಮಧ್ಯೆ ಒಂದು ವಿಸಿಟಿಂಗ್ ಕಾರ್ಡ್ ಹಿಡಿಸೋಷ್ಟು ಜಾಗ. ಕ್ಲಚ್ಚಿಗೆ ಉಲ್ಟಾ ಥ್ರೆಡ್. ಕೊನೆಗೆ ಪೋರ್ಟುಗಳನ್ನ, ಅಂದರೆ ಸಿಲಿಂಡರಿಗೆ ಗಾಳಿ ಬಂದು ಹೋಗೋ ಬಾಯಿಗಳನ್ನ ಮುಚ್ಚಿ, ಅರ್ಧ ಬಾರ್ ಒತ್ತಡಕ್ಕೆ ಗಾಳಿ ತುಂಬಿ ಸೋಪು ನೀರು ಹಚ್ಚಿದೆ. ಪಂಕ್ಚರ್ ಅಂಗಡಿಯಲ್ಲಿ ಗುಳ್ಳೆ ಹುಡುಕ್ತಾರಲ್ಲ, ಹಾಗೇ. ಒಂದು ಸೀಲಲ್ಲಿ ಗುಳ್ಳೆ ಬಂತು, ಬದಲಾಯಿಸಿದೆ. ಈ ಪರೀಕ್ಷೆ ಮಾತ್ರ ದಯವಿಟ್ಟು ಬಿಡಬೇಡಿ. ಸೀಲಲ್ಲಿ ಗಾಳಿ ಎಳೆದರೆ ಒಳಗೆ ಪೆಟ್ರೋಲ್ ಪ್ರಮಾಣ ಕಡಿಮೆ ಆಗುತ್ತೆ, ಅದರ ಜೊತೆ ಬರೋ ಆಯಿಲ್ಲೂ ಕಡಿಮೆ ಆಗುತ್ತೆ, ಪಿಸ್ಟನ್ ಸೀಜ್ ಆಗುತ್ತೆ, ಅಂದರೆ ಸಿಲಿಂಡರಲ್ಲಿ ಕಚ್ಚಿಕೊಂಡು ನಿಂತುಬಿಡುತ್ತೆ.

ಇಷ್ಟೆಲ್ಲ ಮಾಡಿದ ಮೇಲೆ ಸ್ಟಾರ್ಟ್ ಆಯ್ತು. ಆ ಖುಷಿ ನಾನು ಸುಳ್ಳು ಹೇಳಲ್ಲ, ಕಣ್ಣಲ್ಲಿ ನೀರು ಬಂತು.

ಮೂರನೇ ಟ್ಯಾಂಕ್ ಪೆಟ್ರೋಲ್. ಸದ್ದು ಬದಲಾಯ್ತು, ಎಂಜಿನ್ ನಿಂತುಹೋಯ್ತು. ಹಗ್ಗ ಎಳೆದರೆ ಕಂಪ್ರೆಷನ್ನೇ ಇಲ್ಲ. ಸೈಲೆನ್ಸರ್ ಬಿಚ್ಚಿ ಟಾರ್ಚ್ ಬಿಟ್ಟರೆ ಸಿಲಿಂಡರ್ ಗೋಡೆ ಮೇಲೆ ಉದ್ದಕ್ಕೆ ಒಂದು ಗೀರು, ಉಗುರು ಸಿಕ್ಕಿಕೊಳ್ಳೋಷ್ಟು ಆಳ. ಈ ಲಾಕ್ ಜಾಗ ಬಿಟ್ಟು ಎದ್ದಿತ್ತು. ನಿಮಿಷಕ್ಕೆ 13 ಸಾವಿರ ಸುತ್ತು ತಿರುಗೋ ಎಂಜಿನ್ನಲ್ಲಿ ಸ್ಪ್ರಿಂಗ್ ಗುಣ ಇಲ್ಲದ ತಂತಿ ಎಷ್ಟು ಹೊತ್ತು ನಿಲ್ಲುತ್ತೆ? ಕಂಪನಿ ಲಾಕ್ ಹಾಕು ಅಂತ ಅಣ್ಣ ಮೊದಲೇ ಹೇಳಿದ್ದರು. ಡಬ್ಬದಲ್ಲಿ ಬಂದಿದೆಯಲ್ಲ ಅಂತ ಅದನ್ನೇ ಹಾಕಿದ್ದು ನಾನು. ಸಿಲಿಂಡರ್, ಪಿಸ್ಟನ್ ಎರಡೂ ಹೊಸದು ತಗೋಬೇಕಾಯ್ತು.

ಈಗ ಯೋಚನೆ ಮಾಡಿ. ಎಂಜಿನ್ ಒಳಗಿನ ಈ ತಂತಿ ಕೈಕೊಟ್ಟಾಗ ನನಗೆ ಹೋಗಿದ್ದು ದುಡ್ಡು. ಇದೇ ಡಬ್ಬದಿಂದ ಚೈನ್ ಬ್ರೇಕಿನ ಪಟ್ಟಿಯೂ ಸ್ಪ್ರಿಂಗೂ ಬಂದಿವೆ. ಅವು ಕೈಕೊಟ್ಟರೆ?

ಬಾರಿನ ಮೂತಿಯ ಮೇಲ್ಭಾಗ ಮರಕ್ಕೆ ತಗುಲಿದರೆ ಮೆಷಿನ್ ಮೇಲಕ್ಕೆ ಹಾರಿ ಹಿಡಿದವನ ಮುಖದ ಕಡೆಗೇ ಬರುತ್ತೆ. ಇದನ್ನೇ ಕಿಕ್‌ಬ್ಯಾಕ್ ಅನ್ನೋದು. ಪೂರ್ತಿ ರೇಸಲ್ಲಿ ಚೈನು ಸೆಕೆಂಡಿಗೆ 20 ಮೀಟರಿಗಿಂತ ಜಾಸ್ತಿ ಓಡ್ತಿರುತ್ತೆ. ಮನುಷ್ಯ ಕಣ್ಣು ಮಿಟುಕಿಸೋಕೆ ಮುಂಚೆ ಆ ಪಟ್ಟಿ ಡ್ರಮ್ಮನ್ನ ಬಿಗಿದು ಚೈನ್ ನಿಲ್ಲಿಸಬೇಕು. ನಾನು ಎಂಜಿನ್ ಆಫ್ ಮಾಡಿ, ಹಿಂದಿನ ಹಿಡಿ ಹಿಡಿದುಕೊಂಡು, ಬಾರಿನ ಮೂತಿ ಮರದ ದಿಮ್ಮಿ ಮೇಲೆ ಬೀಳೋ ಹಾಗೆ ಬಿಟ್ಟು ಪರೀಕ್ಷೆ ಮಾಡಿದೆ. ಬಿದ್ದ ಏಟಿಗೆ ಮುಂದಿನ ಗಾರ್ಡ್ ತಾನಾಗೇ ಮುಂದಕ್ಕೆ ಬಾಗಿ ಬ್ರೇಕ್ ಬೀಳಬೇಕು. ಹತ್ತು ಸಲ ಬಿಟ್ಟೆ. ಏಳು ಸಲ ಬಿತ್ತು.

ಮೇ ತಿಂಗಳ ಮಳೆ ಬಂದ ಮಾರನೇ ದಿನ ನಮ್ಮ ರಸ್ತೆಗಳನ್ನ ನೋಡಿದ್ದೀರಲ್ಲ. ಗುಲ್‌ಮೊಹರ್ ಕೊಂಬೆ ಕಾರಿನ ಮೇಲೆ, ಕರೆಂಟ್ ತಂತಿ ಮೇಲೆ. ಒಬ್ಬ ಹುಡುಗ ಹವಾಯಿ ಚಪ್ಪಲಿಯಲ್ಲಿ, ತಲೆಗೆ ಟವಲ್ ಸುತ್ತಿಕೊಂಡು, ಒಂದೇ ಕೈಯಲ್ಲಿ ಮೆಷಿನ್ ಹಿಡಿದು ಕೊಂಬೆ ಮೇಲೆ ನಿಂತಿರ್ತಾನೆ. ಅದು ಕಂಪನಿದೋ ಕಿಟ್ಟೋ, ಬ್ರೇಕ್ ಯಾವತ್ತಾದರೂ ಪರೀಕ್ಷೆ ಆಗಿದೆಯೋ ಇಲ್ಲವೋ ಅವನನ್ನ ಕೇಳಿದರೆ ಏನು ಹೇಳ್ತಾನೆ? ಅವನು ಆರಿಸಿಕೊಂಡ ಮೆಷಿನ್ ಅಲ್ಲ ಅದು, ಕೈಗೆ ಕೊಟ್ಟಿದ್ದು. ಕರ್ನಾಟಕದಲ್ಲಿ 1976ರಿಂದ ಮರ ಸಂರಕ್ಷಣಾ ಕಾಯ್ದೆ ಇದೆ, ಮರ ಕಡಿಯೋಕೆ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಮರಕ್ಕೆ ಅಷ್ಟು ಕಾಳಜಿ ಇರೋದು ಒಳ್ಳೇದೇ. ಮರದ ಮೇಲಿರೋ ಹುಡುಗನ ಬಗ್ಗೆ ನಾವು ಮನೆ ಮುಂದೆ ನಿಂತು ಮಾಡಿಸೋರು ಕೇಳೋದು "ಎಷ್ಟು ತಗೋತೀಯಪ್ಪ" ಅಂತ ಅಷ್ಟೇ. ಇದರಿಂದ ನನಗೆ ನೋವಾಗುತ್ತೆ.

ಇನ್ನೊಂದು ವಿಷಯ, ಬೇಗ ಹೇಳ್ತೀನಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿಯ ತೆಳು ಗಾಳಿಗೆ ಕಾರ್ಬೊರೇಟರ್ ಟ್ಯೂನ್ ಮಾಡಿ ಹಾಗೇ ಘಟ್ಟ ಇಳಿಸಿದರೆ, ಕೆಳಗಡೆ ಗಾಳಿ ದಟ್ಟ, ಪೆಟ್ರೋಲ್ ಅದಕ್ಕೆ ಸಾಕಾಗಲ್ಲ, ಎಂಜಿನ್ ಕಾದು ಸೀಜ್ ಆಗಬಹುದು. ಪೂರ್ತಿ ರೇಸಿಗೆ ಪೆಟ್ರೋಲ್ ಎಷ್ಟು ಅಂತ ಹೊಂದಿಸೋ ಕಾರ್ಬೊರೇಟರಿನ ಎಚ್ ಸ್ಕ್ರೂ ಸ್ವಲ್ಪ ಬಿಚ್ಚಿ ಮತ್ತೆ ಟ್ಯೂನ್ ಮಾಡಲೇಬೇಕು. ಬಂಕಲ್ಲಿ ಈಗ ಸಿಗೋ ಪೆಟ್ರೋಲಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತೆ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ ಇಡಿ, ಅಗ್ಗದ ರಬ್ಬರ್ ಪೈಪು ಅದರಲ್ಲಿ ನೆನೆದು ಹಾಳಾಗುತ್ತೆ.

ಘಟ್ಟ ಇಳಿಸೋ ಮಾತು ಯಾಕೆ ಬಂತು ಅಂದರೆ, ಪುತ್ತೂರಿನ ಹತ್ತಿರ ನಮ್ಮ ಚಿಕ್ಕಪ್ಪನ ಅಡಿಕೆ ತೋಟ ಇದೆ. ಮೆಷಿನ್ ರಿಪೇರಿ ಆದ ಸುದ್ದಿ ಕೇಳಿ ಫೋನ್ ಮಾಡಿದರು. "ಸುಮ್ಮನೆ ಶೆಡ್ಡಲ್ಲಿ ಯಾಕೆ ಇಡ್ತೀಯ ಮಗಾ, ಇಲ್ಲಿಗೆ ಕಳಿಸು, ಕೆಲಸದವರು ಉಪಯೋಗಿಸ್ತಾರೆ" ಅಂದರು. ಆಗಲ್ಲ ಚಿಕ್ಕಪ್ಪ ಅಂದೆ. ಬೇಜಾರಾಯ್ತು ಅವರಿಗೆ, ಒಂದು ವಾರ ಮಾತಿಲ್ಲ. ಆಮೇಲೆ ನಾನೇ ಊರಿಗೆ ಹೋಗಿ, ಹತ್ತು ಸಲದಲ್ಲಿ ಏಳು ಸಲ ಮಾತ್ರ ಬ್ರೇಕ್ ಬಿದ್ದ ವಿಡಿಯೋ ತೋರಿಸಿದೆ. ಎರಡು ಸಲ ನೋಡಿದರು. ಮೂರನೇ ಸಲ ಫೋನನ್ನ ಮರ ಕೊಯ್ಯೋ ಕೆಲಸ ಮಾಡೋರ ಕೈಗೆ ಕೊಟ್ಟರು, ಅವರೂ ನೋಡಿದರು. ಚಿಕ್ಕಪ್ಪ ಬಿಲ್ಲು, ವಾರಂಟಿ ಇರೋ 50 ಸಿಸಿ ಮೆಷಿನ್ ತಗೊಂಡರು. ಹೆಲ್ಮೆಟ್ಟು, ಕಾಲಿಗೆ ಕಟ್ಟೋ ಚಾಪ್ಸು, ಗ್ಲೌಸಿನ ದುಡ್ಡು ನಾನು ಕೊಟ್ಟೆ.