ಸೊಂಟಕ್ಕೆ ಕಟ್ಟಿದ ಮಗ್ಗ

ಕೇಳುಗರಿಗೆ ನಮಸ್ಕಾರ.

ಮೆಕ್ಸಿಕೋ ನಗರದ ರಾಷ್ಟ್ರೀಯ ಮಾನವಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿ ಒಂದು ಪುಟ್ಟ ಮಣ್ಣಿನ ಗೊಂಬೆಯಿದೆ. ಕುಳಿತು ನೇಯುತ್ತಿರುವ ಹೆಂಗಸು. ಎದುರಿಗೆ ಮರದ ಕಾಂಡ, ಅದಕ್ಕೆ ಕಟ್ಟಿದ ಮಗ್ಗ, ಕಾಂಡದ ತುದಿಯಲ್ಲೊಂದು ಹಕ್ಕಿ. ಕೊಲಂಬಸ್ 1492ರಲ್ಲಿ ಹಡಗು ಹತ್ತುವುದಕ್ಕೆ ಐದಾರು ಶತಮಾನಗಳಿಗೂ ಮೊದಲೇ ಮೆಕ್ಸಿಕೋ, ಗ್ವಾಟೆಮಾಲಾ ಭಾಗದ ಮೂಲನಿವಾಸಿಗಳಾದ ಮಾಯಾ ಜನ ಇವಳನ್ನು ಮಣ್ಣಿನಲ್ಲಿ ತಿದ್ದಿ ಸುಟ್ಟಿದ್ದರು.

ಆ ಮಗ್ಗವನ್ನು ತುಸು ಗಮನಿಸಬೇಕು. ಅದಕ್ಕೆ ಚೌಕಟ್ಟೇ ಇಲ್ಲ. ಹಾಸಿನ, ಅಂದರೆ ಉದ್ದನೆಯ ಎಳೆಗಳ, ಒಂದು ತುದಿ ಮರಕ್ಕೆ, ಇನ್ನೊಂದು ತುದಿ ನೇಯುವವಳ ಸೊಂಟದ ಪಟ್ಟಿಗೆ. ಅವಳು ಹಿಂದಕ್ಕೆ ವಾಲಿದರೆ ಹಾಸು ಬಿಗಿಯುತ್ತದೆ. ಮುಂದಕ್ಕೆ ಬಾಗಿದರೆ ಸಡಿಲವಾಗಿ, ಎಳೆಗಳನ್ನು ಎತ್ತಿ ಅಡ್ಡ ನೂಲಾದ ಹೊಕ್ಕನ್ನು ಹಾಯಿಸಲು ಎಡೆಯಾಗುತ್ತದೆ. ಅವಳು ಎದ್ದರೆ ಉಳಿಯುವುದು ನಾಲ್ಕಾರು ಕೋಲು, ಒಂದಷ್ಟು ನೂಲು. ಮಗ್ಗದ ಅರ್ಧ ಭಾಗ ಅವಳ ಮೈಯೇ! ಆ ಕಾಲದ ಮಾಯಾ ಬಟ್ಟೆ ತೇವದ ನೆಲದಲ್ಲಿ ಬಹುಪಾಲು ಕೊಳೆತುಹೋಗಿದೆ. ನೇಯುವ ಭಂಗಿಯನ್ನು ಮಣ್ಣು ಉಳಿಸಿಕೊಂಡಿದೆ. ಗ್ವಾಟೆಮಾಲಾದಲ್ಲಿ, ಮೆಕ್ಸಿಕೋದ ಚಿಯಾಪಾಸ್‌ನಲ್ಲಿ ಮಾಯಾ ಹೆಂಗಸರು ಇಂದಿಗೂ ಹೀಗೆಯೇ ಕುಳಿತು ನೇಯುತ್ತಾರೆ.

ಈ ಬಗೆಯ ಗೊಂಬೆಗಳ ತವರು ಮೆಕ್ಸಿಕೋದ ಕಂಪೇಚೆ ಕರಾವಳಿಗೆ ಅಂಟಿಕೊಂಡಂತಿರುವ ಹೈನಾ ಎಂಬ ಪುಟ್ಟ ದ್ವೀಪ. ಸುಮಾರು ಕ್ರಿ.ಶ. 600ರಿಂದ 900ರವರೆಗೆ ಅಲ್ಲಿ ಸಾವಿರಾರು ಜನರನ್ನು ಹೂಳಿದರು; ಹೂಳುವಾಗ ಸತ್ತವರ ಎದೆಯ ಮೇಲೋ ತೋಳಿನಲ್ಲೋ ಇಂಥದೊಂದು ಗೊಂಬೆಯನ್ನು ಇಡುತ್ತಿದ್ದರು. ಕೆಲವು ಊದಿದರೆ ಸಿಳ್ಳೆ ಹಾಕುತ್ತವೆ. ಕೆಲವು ಅಲುಗಿಸಿದರೆ ಗಿಲಕಿಯಂತೆ ಸದ್ದು ಮಾಡುತ್ತವೆ. ಹಲವು ಗೊಂಬೆಗಳ ಮೈಮೇಲೆ ನೀಲಿ ಬಣ್ಣ ಇನ್ನೂ ಅಲ್ಲಲ್ಲಿ ಉಳಿದಿದೆ. ನೀಲಿ ಗಿಡದ ಬಣ್ಣವನ್ನು ಒಂದು ವಿಶೇಷ ಜೇಡಿಮಣ್ಣಿನೊಡನೆ ಬೆರೆಸಿ ಕಾಯಿಸಿದ ಬಣ್ಣ ಅದು. ಬಿಸಿಲಿಗೂ ಮಳೆಗೂ ಸುಲಭವಾಗಿ ಮಾಸುವುದಿಲ್ಲ.

ನನಗೆ ಸಂಕಟವಾಗುವುದು ಇನ್ನೊಂದು ಸಂಗತಿಗೆ. ಈ ಚೆಲುವೇ ಗೊಂಬೆಗಳಿಗೆ ಮುಳುವಾಯಿತು. ಕಳ್ಳರು ಗೋರಿಗಳನ್ನು ಅಗೆದರು, ಎಷ್ಟೋ ಗೊಂಬೆಗಳು ದೂರದೇಶದ ಶ್ರೀಮಂತರ ಕಪಾಟು ಸೇರಿದವು. ಅಗೆದವರು ಗೊಂಬೆಯನ್ನು ಒರೆಸಿ ಚೀಲಕ್ಕೆ ಹಾಕಿಕೊಂಡು ಎಲುಬುಗಳನ್ನು ಪಕ್ಕಕ್ಕೆ ಎಸೆದರು. ಅದನ್ನು ಹಿಡಿದು ಮಲಗಿದ್ದುದು ಮಗುವೋ, ಮುದುಕಿಯೋ, ಸ್ವತಃ ನೇಕಾರಳೋ ಎಂಬುದನ್ನು ಹೇಳಬಹುದಾಗಿದ್ದುದು ಆ ಎಲುಬುಗಳು ಮಾತ್ರ.