ಬಣ್ಣದ ಕೈಯಲ್ಲಿ ಎಲೆ ಮಡಚಬೇಡಿ

ಹಿರಿಯ ಕಲಾವಿದರೇ, ಅಕ್ಕಂದಿರೇ, ಈಗಷ್ಟೇ ಬಣ್ಣ ಹಚ್ಚಲು ಶುರು ಮಾಡಿರುವ ತಮ್ಮಂದಿರೇ, ನಮಸ್ಕಾರ.

ಹೆಸರಾಂತ ನಟ ಬಳ್ಳಾರಿ ರಾಘವರ ಊರಲ್ಲಿ ನಿಂತು ನಿಮಗೆ ನಾಟಕದ ಬಗ್ಗೆ ಹೇಳುವ ಧೈರ್ಯ ನನಗಿಲ್ಲ. ನಾನು ಕೆಮಿಸ್ಟ್ರಿ ಮೇಷ್ಟ್ರು. ಬಣ್ಣದ ಪೆಟ್ಟಿಗೆ ಬಗ್ಗೆ ಮಾತ್ರ ಮಾತಾಡುತ್ತೇನೆ.

ದೊಡ್ಡಾಟದ ಹಳೆ ಬಣ್ಣಗಳು ನಿಮಗೇ ಗೊತ್ತು. ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಬಿಳಿಗೆ ಸಫೇದ. ಅರದಾಳದಲ್ಲಿ ಇರುವುದು ಆರ್ಸೆನಿಕ್, ಅಂದರೆ ಪಾಷಾಣದ ಮೂಲ. ಇಂಗಳೀಕದಲ್ಲಿ ಪಾದರಸ. ಸಫೇದದ ಕಥೆ ಸ್ವಲ್ಪ ಬೇರೆ. ಈಗ ಸಿಗುವುದು ಹೆಚ್ಚಾಗಿ ಸತುವಿನ ಪುಡಿ, ಅದರಿಂದ ಅಂಥ ಭಯವಿಲ್ಲ, ಆದರೆ ಸೀಸದ ಬಿಳಿ ಪುಡಿಗೂ ಇದೇ ಹೆಸರು ಇರುವುದರಿಂದ ಗ್ರಂಧಿಗೆ ಅಂಗಡಿಯಿಂದ ಬಿಡಿಯಾಗಿ ಪೊಟ್ಟಣ ಕಟ್ಟಿಸಿಕೊಂಡು ಬಂದರೆ ಒಳಗಿರುವುದು ಯಾವುದು ಅಂತ ಕಣ್ಣಿಗೆ ತಿಳಿಯುವುದಿಲ್ಲ.

'ತಾತನ ಕಾಲದಿಂದ ಹಚ್ಚುತ್ತಿದ್ದೇವೆ, ಏನಾಗಿದೆ?' ಅಂತೀರಿ. ಆಗಿದೆ. ನಾವು ಅದಕ್ಕೆ ಬೇರೆ ಹೆಸರಿಟ್ಟೆವು, ಅಷ್ಟೇ. ಹೊಟ್ಟೆ ನುಲಿತ ಬಂದರೆ ಕಂಡಲ್ಲಿ ಉಂಡದ್ದು ಅಂದೆವು. ಕೈ ನಡುಗಿದರೆ ಕುಡಿತ ಅಂದೆವು, ಪಾಪ, ಕುಡಿಯದವನಿಗೂ. ಇವೆರಡೂ ಸೀಸದ ಗುರುತೂ ಹೌದು. ಜಪಾನಿನಲ್ಲಿ ಕಬೂಕಿ ಅನ್ನುವ ಹಳೆ ನಾಟಕದ ನಟರು ಮುಖಕ್ಕೆ, ಕುತ್ತಿಗೆಗೆ ಸೀಸದ ಬಿಳಿ ಬಳಿಯುತ್ತಿದ್ದರು. 1887ರಲ್ಲಿ ಚಕ್ರವರ್ತಿಯ ಎದುರೇ ಒಬ್ಬ ನಟನ ಕಾಲು ನಡುಗತೊಡಗಿತು. ಸೀಸದ ವಿಷ ಅಂತ ಆಮೇಲೆ ಗೊತ್ತಾಯಿತು. ಸೀಸವಿಲ್ಲದ ಬಿಳಿ ಬೇಕು ಅಂತ ಅಲ್ಲಿ ಹುಡುಕಾಟ ಶುರುವಾದದ್ದು ಹಾಗೆ.

ಈ ಪುಡಿಗಳು ಚರ್ಮದ ಮೂಲಕ ಒಳಗೆ ಹೋಗುವುದು ಕಡಿಮೆ. ದಾರಿ ಬಾಯಿ ಮತ್ತು ಮೂಗು. ಪುಡಿ ಕಲಸುವಾಗ ಏಳುವ ಧೂಳು, ತುಟಿಯ ಕೆಂಪು, ನಮ್ಮ ಸೆಕೆಗೆ ಬೆವರಿನ ಜೊತೆ ಬಾಯಿಗಿಳಿಯುವ ಬಣ್ಣ. ಎಲ್ಲಕ್ಕಿಂತ ಜಾಸ್ತಿ, ಅದೇ ಬೆರಳಲ್ಲಿ ಸುಣ್ಣ ತೀಡಿ ಎಲೆ ಮಡಚುವುದು, ಬೀಡಿ ಹಚ್ಚುವುದು. ನಾನೂ ಚಿಕ್ಕವನಿದ್ದಾಗ ಲವನ ಪಾತ್ರ ಮಾಡಿದ್ದೆ. ತುಟಿಯ ಬಣ್ಣ ಅಳಿಸಬಾರದು ಅಂತ ಮೇಷ್ಟ್ರು ಚಮಚದಲ್ಲಿ ಮಂಡಕ್ಕಿ ತಿನ್ನಿಸುತ್ತಿದ್ದರು. ಉಳಿಸಲು ಹೊರಟದ್ದು ಬಣ್ಣವನ್ನು, ಉಳಿದದ್ದು ನನ್ನ ಹೊಟ್ಟೆ!

ಅಕ್ಕಂದಿರು ಇದನ್ನು ಕೇಳಬೇಕು. ಸೀಸ ಎಲುಬಿನಲ್ಲಿ ಸುಣ್ಣದಂಶದ ಜಾಗ ಹಿಡಿದು ವರ್ಷಗಟ್ಟಲೆ ಕೂರುತ್ತದೆ. ಬಸಿರಾದಾಗ ಅಲ್ಲಿಂದ ಕರಗಿ ಮಗುವಿಗೆ ಹೋಗುತ್ತದೆ. ಪಾತ್ರದ ನಡುವೆ ಬಣ್ಣದ ಮುಖದಲ್ಲೇ ಕೂಸಿಗೆ ಹಾಲು ಕೊಡುವುದು, ಅದು ಕೆನ್ನೆ ನೆಕ್ಕುವುದು ಕಂಪನಿಗಳಲ್ಲಿ ಹೊಸದೇನಲ್ಲ, ಅಲ್ವಾ? ಮಕ್ಕಳ ಮಿದುಳಿಗೆ ಇಷ್ಟು ಸೀಸ ಪರವಾಗಿಲ್ಲ ಎನ್ನುವ ಲೆಕ್ಕವೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನೇ ಹೇಳುತ್ತದೆ.

ನಮ್ಮಲ್ಲಿ ಸೌಂದರ್ಯವರ್ಧಕಗಳಿಗೆ ಬಣ್ಣ ಬರಲಿ ಅಂತ ಸೀಸ, ಆರ್ಸೆನಿಕ್ ಸೇರಿಸುವುದಕ್ಕೆ ಕಾನೂನಿನ ನಿಷೇಧವಿದೆ. ಬಿಡಿ ಪುಡಿಗೆ ಲೇಬಲ್ಲೇ ಇಲ್ಲದಿದ್ದರೆ ಕಾನೂನು ಯಾರನ್ನು ಹಿಡಿಯಬೇಕು? ಲೈಸೆನ್ಸ್ ನಂಬರು, ಬ್ಯಾಚ್ ನಂಬರು ಇರುವ ಡಬ್ಬಿಯನ್ನೇ ಕೊಳ್ಳಿ. ದುಡ್ಡು ಜಾಸ್ತಿ, ಒಪ್ಪುತ್ತೇನೆ. ಅಷ್ಟಾಗದಿದ್ದರೆ ಸೋಪು ಹಚ್ಚಿ ಕೈ ತೊಳೆದು ಎಲೆ ಮುಟ್ಟಿ, ಇದಕ್ಕೆ ಖರ್ಚಿಲ್ಲ. ಅನುಮಾನ ಇದ್ದವರು ಡಾಕ್ಟರಿಗೆ 'ರಕ್ತದಲ್ಲಿ ಸೀಸ ನೋಡಿ' ಅಂತ ಬಾಯಿಬಿಟ್ಟು ಕೇಳಿ. ಮಾಮೂಲಿ ರಕ್ತಪರೀಕ್ಷೆಯಲ್ಲಿ ಅದನ್ನು ನೋಡುವುದಿಲ್ಲ.

ಇನ್ನೊಂದು ಮಾತು. ಮನೆಯಲ್ಲಿ ಹಳೆ ಅರದಾಳ, ಇಂಗಳೀಕ ಉಳಿದಿದ್ದರೆ ಒಲೆಗೆ ಹಾಕಬೇಡಿ, ಸುಟ್ಟರೆ ಹೊಗೆಯೇ ವಿಷ. ಬಾವಿ, ಗಟಾರಕ್ಕೂ ಬೇಡ. ಬಾಟಲಿಗೆ ಹಾಕಿ ಮುಚ್ಚಳ ಬಿಗಿದು ನನ್ನ ಕೈಗೆ ಕೊಡಿ. ನಾನು ಇಲ್ಲೇ ಚಹಾ ಕುಡಿಯುತ್ತಾ ಕೂತಿರುತ್ತೇನೆ.